ಎಲೆಹಂದರದ ಬೆಳಕು: ಒಂದು ಲೆಕ್ಕದ ಚರಿತ್ರೆ

ಥಾಣೆಯಿಂದ ಐರೋಲಿ, ಘಣಸೋಲಿ, ಕೋಪರಖೈರಣೆಗಳ ಮಾರ್ಗವಾಗಿ ವಾಶಿಯವರೆಗೆ ಹಬ್ಬಿರುವ ವಸತಿಗೂ ಥಾಣೆಯ ಖಾಡಿಗೂ ನಡುವೆ ಒಂದು ಹಸಿರು ಪಟ್ಟಿಯಿದೆ. ಡೊಂಬಿವಲಿ-ಕಲ್ಯಾಣಗಳ ಮಗ್ಗುಲಲ್ಲಿ ಉಲ್ಹಾಸ ನದಿಯ ಸಿಹಿನೀರು ಉಪ್ಪಾಗುವೆಡೆಯಲ್ಲಿಯೂ ಅದೇ ಹಸಿರು ಕಾಣುತ್ತದೆ. ನಮ್ಮ ಕರಾವಳಿಯವರು ಇದನ್ನು ಕಾಂಡ್ಲಾ ಎನ್ನುವರು. ಮರಾಠಿಗರು ಕಾಂದಳವನ ಎನ್ನುವರು. ಎರಡು ಭಾಷೆಗಳ ಈ ಸಾಮ್ಯವನ್ನು ಶಬ್ದಶಾಸ್ತ್ರಜ್ಞರು ವಿಚಾರಿಸಲಿ. ಪ್ರಸ್ತುತ ಲೇಖನದ ವಿಷಯ ಬೇರೆ. ಈ ಹಸಿರಿನ ಅಂಚು ಎಲ್ಲಿ ಆರಂಭವಾಗುತ್ತದೆ, ಎಲ್ಲಿ ಮುಗಿಯುತ್ತದೆ ಎಂಬ ಪ್ರಶ್ನೆಯು ಕಳೆದ ಎರಡು ದಶಕಗಳಲ್ಲಿ ಕೋಟಿಗಟ್ಟಲೆ ರೂಪಾಯಿಗಳ ಪ್ರಶ್ನೆಯಾಗಿ ಪರಿಣಮಿಸಿದೆ. ಹಿಂದೆ ಇದನ್ನು ತಲಾಠಿಯ ಕಣ್ಣು ನಿರ್ಣಯಿಸುತ್ತಿತ್ತು. ಈಗ ನಿರ್ಣಯಿಸುವುದು ಎಲೆಗಳಿಗೆ ತಗುಲಿ, ಅವುಗಳೊಳಗೆ ಚದರಿ, ಮೇಲಕ್ಕೆ ಹಿಂದಿರುಗಿ, ಆಕಾಶದಲ್ಲಿ ತೇಲುವ ಯಂತ್ರವೊಂದನ್ನು ಮುಟ್ಟಿದ ಸೂರ್ಯನ ಬೆಳಕು. ಆ ಬೆಳಕನ್ನು ಓದುವ ವಿದ್ಯೆ ಎಲ್ಲಿಂದ ಬಂದಿತು, ಯಾರ ಕೈಯಲ್ಲಿ ಬೆಳೆಯಿತು, ಅದರ ಬಲವೆಷ್ಟು, ಅದರ ಕುರುಡು ಎಲ್ಲಿ ಎಂಬುದನ್ನು ಕೊಂಚ ವಿವರವಾಗಿ ನೋಡುವುದು ಉಚಿತ.

ಮೊದಲು ಒಂದು ಪದದ ಮಾತು. ಗಿಡಮರಗಳ ಎಲೆಗಳೆಲ್ಲ ಸೇರಿ ನೆಲದ ಮೇಲೆ ಕಟ್ಟುವ ಹೊದಿಕೆಯನ್ನು ಪರ್ಣಚ್ಛತ್ರವೆಂದು ಕರೆಯಬಹುದು. ಆದರೆ ಛತ್ರಿಯೊಳಗೆ ಬೆಳಕು ನುಸುಳುವುದಿಲ್ಲ, ಹಂದರದೊಳಗೆ ನುಸುಳುತ್ತದೆ. ನಮ್ಮ ವಿಷಯವೆಲ್ಲ ಈ ನುಸುಳುವಿಕೆಯೇ ಆಗಿರುವುದರಿಂದ ಎಲೆಹಂದರವೆಂಬ ಮಾತನ್ನು ಇಲ್ಲಿ ಇಟ್ಟುಕೊಂಡಿದೆ.

ಎಲೆಹಂದರದ ಬೆಳಕನ್ನು ಬಲ್ಲವರಲ್ಲಿ ತೋಟಿಗರು ವಿಜ್ಞಾನಿಗಳಿಗಿಂತ ಹಿರಿಯರು. ಅಡಿಕೆಯ ಮರಕ್ಕೆ ನೈಋತ್ಯದ ಇಳಿಬಿಸಿಲು ತಾಗಿದರೆ ಕಾಂಡ ಸುಟ್ಟು ಸೀಳುತ್ತದೆಂಬುದನ್ನು ಮಲೆನಾಡಿನ, ದಕ್ಷಿಣ ಕನ್ನಡದ ತೋಟಿಗರು ಯಾವ ಮಾಪಕವೂ ಇಲ್ಲದೆ ಅರಿತಿದ್ದರು. ಎಳೆಯ ಕಾಂಡಗಳಿಗೆ ಹಾಳೆ ಸುತ್ತಿದರು; ಬಿಸಿಲು ಬೀಳುವ ಕಡೆ ನೆರಳಿನ ಮರ ಬೆಳೆಸಿದರು. ಅಡಿಕೆಯ ಮೈಗೆ ಮೆಣಸಿನ ಬಳ್ಳಿ, ಅದರ ಕೆಳಗೆ ಬಾಳೆ, ಇನ್ನೂ ಕೆಳಗೆ ಏಲಕ್ಕಿ ಎಂಬ ಏರ್ಪಾಟು ಬೆಳಕನ್ನು ಅಂತಸ್ತು ಅಂತಸ್ತಾಗಿ ಹಂಚಿಕೊಡುವ ಏರ್ಪಾಟಲ್ಲದೆ ಮತ್ತೇನು? ಆದರೆ ಅವರು ಹಂಚಿದರು, ಎಣಿಸಲಿಲ್ಲ. ಎಣಿಕೆಯ ಚರಿತ್ರೆ ಬೇರೆ ಕಡೆ, ಬೇರೆ ಕಾರಣಕ್ಕಾಗಿ ಆರಂಭವಾಯಿತು.

ಫ್ರಾನ್ಸಿನ ಪಿಯೆರ್ ಬೂಗೆ 1729ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಒಂದು ಸರಳವಾದ ಸಂಗತಿಯಿದೆ. ಬೆಳಕು ಪಾರದರ್ಶಕ ವಸ್ತುವಿನ ಸಮನಾದ ಪದರಗಳನ್ನು ಹಾಯುವಾಗ ಪ್ರತಿ ಪದರದಲ್ಲಿಯೂ ಸಮನಾದ ಮೊತ್ತವನ್ನು ಕಳೆದುಕೊಳ್ಳುವುದಿಲ್ಲ. ಉಳಿದುದರಲ್ಲಿ ಸಮನಾದ ಪಾಲನ್ನು ಕಳೆದುಕೊಳ್ಳುತ್ತದೆ. ಬ್ಯಾಂಕಿನಲ್ಲಿ ಸವಕಳಿ ಲೆಕ್ಕ ಹಾಕಿದವರಿಗೆ ಇದು ಹೊಸದಲ್ಲ. ಇಳಿಮೊತ್ತದ ಮೇಲಿನ ಸವಕಳಿ ಹೇಗೋ ಇದೂ ಹಾಗೆಯೇ. ಮೊತ್ತ ಕುಗ್ಗುತ್ತ ಹೋಗುತ್ತದೆ, ಸೊನ್ನೆಯಾಗುವುದಿಲ್ಲ. ಲ್ಯಾಂಬರ್ಟ್ 1760ರಲ್ಲಿ ಇದಕ್ಕೆ ಗಣಿತದ ರೂಪ ಕೊಟ್ಟರು. ಬೇರ್ 1852ರಲ್ಲಿ ದ್ರಾವಣಗಳಿಗೆ ವಿಸ್ತರಿಸಿದರು. ಎಲೆಗೂ ಇದಕ್ಕೂ ಸಂಬಂಧವಿದೆಯೆಂದು ಅಂದು ಯಾರಿಗೂ ತೋರಿದಂತಿಲ್ಲ.

ಸಂಬಂಧ ಕೂಡಿಬರಬೇಕಾದರೆ ಎಲೆಯನ್ನು ಅಳೆಯುವ ಒಂದು ಮಾನ ಬೇಕಾಗಿತ್ತು. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದ ವಾಟ್ಸನ್ ಅವರು 1947ರಲ್ಲಿ ಅದನ್ನು ಒದಗಿಸಿದರು. ಒಂದು ಗುಂಟೆ ನೆಲದ ಮೇಲಿರುವ ಎಲೆಗಳನ್ನೆಲ್ಲ ಕೊಯ್ದು, ಒಂದರ ಮೇಲೊಂದು ಬೀಳದಂತೆ ಪಕ್ಕಪಕ್ಕದಲ್ಲಿ ಹಾಸಿದಾಗ ಅವು ಮೂರು ಗುಂಟೆಯನ್ನು ಮುಚ್ಚುವುದಾದರೆ, ಆ ಹಂದರದ ಸೂಚಿ 3. ಇದನ್ನು ಪರ್ಣಸೂಚಿ ಎನ್ನೋಣ.

ಆರು ವರ್ಷಗಳ ತರುವಾಯ, 1953ರಲ್ಲಿ, ಟೋಕಿಯೊ ವಿಶ್ವವಿದ್ಯಾಲಯದ ಮಾಸಾಮಿ ಮೋನ್ಸಿ ಮತ್ತು ತೋಶಿರೊ ಸಾಯೆಕಿ ಎಂಬಿಬ್ಬರು ಸಸ್ಯಶಾಸ್ತ್ರಜ್ಞರು ಬೂಗೆಯ ನಿಯಮವನ್ನೂ ಪರ್ಣಸೂಚಿಯನ್ನೂ ಜೋಡಿಸಿದರು. ಅವರ ವಿಧಾನ ಬಹು ಶ್ರಮದ್ದು. ಗಿಡಗಳ ಗುಂಪಿನಲ್ಲಿ ಬೇರೆ ಬೇರೆ ಎತ್ತರಗಳಲ್ಲಿ ಬೆಳಕನ್ನು ಅಳೆಯುವುದು. ಅನಂತರ ಮೇಲಿನಿಂದ ಕೆಳಕ್ಕೆ ಪದರ ಪದರವಾಗಿ ಗಿಡವನ್ನು ಕತ್ತರಿಸಿ, ಆಯಾ ಪದರದ ಎಲೆಯನ್ನೆಲ್ಲ ಅಳೆಯುವುದು. ಹೀಗೆ ಅಳೆದಾಗ ಕಂಡುಬಂದ ಸಂಗತಿಯೆಂದರೆ, ಎಲೆಗಳೂ ಬೂಗೆಯ ಪದರಗಳಂತೆಯೇ ಬೆಳಕನ್ನು ಕುಗ್ಗಿಸುತ್ತವೆ. ಆದರೆ ಕುಗ್ಗಿಸುವ ದರ ಎಲೆಯ ನಿಲುವನ್ನು ಅವಲಂಬಿಸಿದೆ. ಹುಲ್ಲಿನಂತೆ ನೆಟ್ಟಗೆ ನಿಂತ ಎಲೆಗಳಲ್ಲಿ ಆ ದರ 0.3ರಿಂದ 0.5, ಅಗಲವಾಗಿ ಮಲಗಿದ ಎಲೆಗಳಲ್ಲಿ 0.7ರಿಂದ 1. ಇದರ ಪರಿಣಾಮ ಅಲ್ಪವಲ್ಲ. ಪರ್ಣಸೂಚಿ 3 ಇರುವ ಎರಡು ಹಂದರಗಳನ್ನು ತೆಗೆದುಕೊಳ್ಳಿ. ದರ 0.5 ಆದರೆ ನೆಲಕ್ಕೆ ಮುಟ್ಟುವ ಬೆಳಕು ನೂರಕ್ಕೆ 22 ಪಾಲು, ದರ 0.8 ಆದರೆ 9 ಪಾಲು ಮಾತ್ರ. ಎಲೆಯ ಮೊತ್ತ ಒಂದೇ, ನೆರಳು ಎರಡೂವರೆ ಪಾಲಿನಷ್ಟು ಬೇರೆ.

ಈ ಪ್ರಬಂಧವು ಜಪಾನಿನ ಪತ್ರಿಕೆಯಲ್ಲಿ, ಜರ್ಮನ್ ಭಾಷೆಯಲ್ಲಿ ಪ್ರಕಟವಾಯಿತು. ಇಂಗ್ಲಿಷನ್ನೇ ಜಗತ್ತೆಂದು ತಿಳಿದವರು ಎಷ್ಟನ್ನು ಕಾಣದೆ ಹೋಗುತ್ತಾರೆಂಬುದಕ್ಕೆ ಇದೊಂದು ನಿದರ್ಶನ. ಅದರ ಇಂಗ್ಲಿಷ್ ಅನುವಾದ ಬೆಳಕು ಕಂಡುದು 2005ರಲ್ಲಿ. ಮುಂಬಯಿಯ ಉಚ್ಚ ನ್ಯಾಯಾಲಯವು ಕಾಂಡ್ಲಾ ವನದ ವಿಷಯದಲ್ಲಿ ಪ್ರಸಿದ್ಧವಾದ ಆದೇಶವನ್ನು ಕೊಟ್ಟ ವರ್ಷವೂ ಅದೇ. ಎರಡಕ್ಕೂ ಕಾರ್ಯಕಾರಣ ಸಂಬಂಧವೇನೂ ಇಲ್ಲ; ಕಾಕತಾಳೀಯವಾದರೂ ನೆನಪಿಡಲು ಅನುಕೂಲ.

ಮೋನ್ಸಿ-ಸಾಯೆಕಿಯರ ಲೆಕ್ಕವು ಹಂದರದ ಕೆಳಗೆ ನಿಂತವನ ಲೆಕ್ಕ. ಮೇಲಿನಿಂದ ನೋಡುವವನಿಗೆ ಅದು ಸಾಲದು. ಮೇಲಿನವನಿಗೆ ಕಾಣುವುದು ಒಳಗೆ ಇಳಿದ ಬೆಳಕಲ್ಲ, ಹಿಂದಿರುಗಿದ ಬೆಳಕು. ಎಲೆಯಿಂದ ಎಲೆಗೆ ಚಿಮ್ಮಿ, ಕೆಳಕ್ಕೂ ಮೇಲಕ್ಕೂ ಅಡ್ಡಲಾಗಿಯೂ ಚದರುವ ಬೆಳಕನ್ನು ಬೂಗೆಯ ನಿಯಮ ಗಣಿಸುವುದಿಲ್ಲ. ಈ ಚದರಿಕೆ ಎಷ್ಟು ಬಲವಾದುದೆಂಬುದಕ್ಕೆ ಸಾಕ್ಷಿ ಬಹಳ ಹಿಂದೆಯೇ ದೊರೆತಿತ್ತು. ಅಮೆರಿಕದ ಆರ್. ಡಬ್ಲ್ಯೂ. ವುಡ್ ಅವರು 1910ರಲ್ಲಿ ಅವಕೆಂಪು ಕಿರಣಗಳಿಂದ ತೆಗೆದ ಚಿತ್ರಗಳಲ್ಲಿ ಮರಗಳೆಲ್ಲ ಮಂಜು ಮುಚ್ಚಿದಂತೆ ಬೆಳ್ಳಗೆ ಕಂಡವು. ಎಲೆಯೊಳಗಿನ ಜೀವಕೋಶಗಳ ಗೋಡೆಗಳಿಗೂ ನಡುವಣ ಗಾಳಿಗೂ ಸಂಧಿಸುವೆಡೆಗಳಲ್ಲಿ ಬೆಳಕು ಮತ್ತೆ ಮತ್ತೆ ಪ್ರತಿಫಲಿಸಿ ಚದರುತ್ತದೆಂದು ವಿಲ್‌ಶ್ಟೆಟರ್ ಮತ್ತು ಶ್ಟೋಲ್ 1918ರಲ್ಲಿ ವಿವರಿಸಿದರು. ಹಸಿರೆಲೆಯು ತನಗೆ ಬೇಕಾದ ಕೆಂಪು ಬೆಳಕಿನ ಬಹುಭಾಗವನ್ನು ಹೀರಿಕೊಳ್ಳುತ್ತದೆ. ಬೇಡವಾದ ಅವಕೆಂಪಿನಲ್ಲಿ ಸುಮಾರು ಅರ್ಧವನ್ನು ಹಿಂದಕ್ಕೆ ಕಳುಹಿಸಿ, ಉಳಿದುದರ ಬಹುಪಾಲನ್ನು ಕೆಳಗಿನ ಎಲೆಗೆ ದಾಟಿಸುತ್ತದೆ. ಬಂದದ್ದು, ಹಿಂದೆ ಹೋದದ್ದು, ದಾಟಿದ್ದು, ಉಳಿಸಿಕೊಂಡದ್ದು—ನಾಲ್ಕೂ ತಾಳೆಯಾಗಲೇಬೇಕು. ಆದರೆ ಸಾವಿರಾರು ಎಲೆಗಳು ಒಂದರೊಡನೊಂದು ವ್ಯವಹರಿಸುವಾಗ ಈ ಜಮಾಖರ್ಚನ್ನು ಬರೆಯುವ ಬಗೆ ಹೇಗೆ?

ಉತ್ತರವು ತೋಟದಿಂದ ಬರಲಿಲ್ಲ, ನಕ್ಷತ್ರಗಳಿಂದ ಬಂದಿತು. ಈ ಚರಿತ್ರೆಯಲ್ಲಿ ಎಲ್ಲಕ್ಕಿಂತ ಸ್ವಾರಸ್ಯವಾದ ಭಾಗ ಇದೇ ಎಂದು ಈ ಲೇಖಕನ ಅಭಿಪ್ರಾಯ. ಆರ್ಥರ್ ಶುಸ್ಟರ್ ಅವರು 1905ರಲ್ಲಿ ಮಂಜು ಕವಿದ ವಾತಾವರಣವನ್ನು ಹಾಯುವ ಬೆಳಕನ್ನು ಎರಡು ಪ್ರವಾಹಗಳನ್ನಾಗಿ ವಿಂಗಡಿಸಿದರು: ಕೆಳಗಿಳಿಯುವುದೊಂದು, ಮೇಲೇರುವುದೊಂದು. ಒಂದರ ನಷ್ಟದಲ್ಲಿ ಒಂದು ಪಾಲು ಇನ್ನೊಂದರ ಲಾಭ. ನಕ್ಷತ್ರಗಳ ವಾತಾವರಣದಲ್ಲಿ ಬೆಳಕು ಹೇಗೆ ಹೊರಬರುತ್ತದೆಂಬುದೇ ಅವರ ಮುಖ್ಯ ಚಿಂತೆ. 1943ರಲ್ಲಿ ಸೋವಿಯತ್ ರಷ್ಯದಲ್ಲಿದ್ದ ಆರ್ಮೇನಿಯದ ವಿಕ್ತೋರ್ ಅಂಬಾರ್ಟ್ಸುಮಿಯನ್ ಅವರು ಅದಕ್ಕೆ ಒಂದು ಅದ್ಭುತವಾದ ಸೂತ್ರವನ್ನು ಸೇರಿಸಿದರು. ಅಪಾರವಾದ ಆಳವುಳ್ಳ ವಾತಾವರಣದ ಮೇಲೆ ಅದೇ ಬಗೆಯ ಇನ್ನೊಂದು ತೆಳುವಾದ ಪದರವನ್ನು ಹೊದಿಸಿದರೆ, ಅದರಿಂದ ಹಿಂದಿರುಗುವ ಬೆಳಕು ಕಿಂಚಿತ್ತೂ ಬದಲಾಗುವುದಿಲ್ಲ. ಸಮುದ್ರಕ್ಕೆ ಒಂದು ಕೊಡ ನೀರು ಹೊಯ್ದಂತೆ ಎಂದು ತೋರುವ ಈ ಮಾತಿನಿಂದಲೇ ಕಠಿನವಾದ ಸಮೀಕರಣಗಳು ಬಿಡಿಸಲ್ಪಟ್ಟವು. ಓದುಗರು ಈ ಸೂತ್ರವನ್ನು ನೆನಪಿನಲ್ಲಿಡಬೇಕು. ಮಲೆನಾಡಿನ ಸಂದರ್ಭದಲ್ಲಿ ಅದರ ಪ್ರಸ್ತಾಪ ಮತ್ತೆ ಬರುತ್ತದೆ.

ಈ ವಿಚಾರಗಳನ್ನೆಲ್ಲ ಒಂದು ಶಾಸ್ತ್ರವಾಗಿ ಕಟ್ಟಿ, 1950ರಲ್ಲಿ ವಿಕಿರಣದ ಸಾಗಣೆಯನ್ನು ಕುರಿತ ಮಹಾಗ್ರಂಥವನ್ನು ಪ್ರಕಟಿಸಿದವರು ಸುಬ್ರಹ್ಮಣ್ಯನ್ ಚಂದ್ರಶೇಖರ್. ಬೆಳಕಿನ ಚದರಿಕೆಯಲ್ಲಿಯೇ ಹೊಸ ಪರಿಣಾಮವನ್ನು 1928ರಲ್ಲಿ ಕಂಡ ಸರ್ ಸಿ. ವಿ. ರಾಮನ್ ಅವರು ಇವರ ಚಿಕ್ಕಪ್ಪ. ರಾಮನ್ ಅವರು 1933ರಿಂದ ಬೆಂಗಳೂರಿನವರೇ ಆಗಿ, ಕೊನೆಯ ವರ್ಷಗಳಲ್ಲಿ ಹೂವುಗಳ ಬಣ್ಣವನ್ನೂ ಕಣ್ಣಿನ ದೃಷ್ಟಿಯನ್ನೂ ಕುರಿತು ಸಂಶೋಧಿಸಿದುದು ಕನ್ನಡಿಗರಿಗೆ ತಿಳಿದ ವಿಷಯ. ಆದರೂ ಇಬ್ಬರೂ ಎಲೆಹಂದರದ ಸಮಸ್ಯೆಯನ್ನು ಕೈಗೆತ್ತಿಕೊಂಡವರಲ್ಲ. ಆ ಕೆಲಸ ಎಸ್ಟೋನಿಯದ ಯುಹಾನ್ ರಾಸ್ ಅವರ ಪಾಲಿಗೆ ಬಂದಿತು.

ರಾಸ್ ಅವರು ಕೆಲಸ ಮಾಡಿದುದು ತಾರ್ತು ನಗರದ ಬಳಿಯ ತೊರಾವೆರೆಯ ಖಗೋಳ ವೀಕ್ಷಣಾಲಯದಲ್ಲಿ. ನಕ್ಷತ್ರ ನೋಡುವವರ ನೆರೆಯಲ್ಲಿ ಬೆಳೆಗಳ ಎಲೆಯನ್ನು ಅಳೆದವರು ಅವರು. ನಕ್ಷತ್ರದ ಸಮೀಕರಣವನ್ನು ಹಾಗೆಯೇ ಎಲೆಗೆ ಹೊಂದಿಸಲು ಬರುವುದಿಲ್ಲವೆಂಬುದನ್ನು ಅವರು ಸ್ಪಷ್ಟವಾಗಿ ಕಂಡರು. ವಾತಾವರಣದ ಕಣಕ್ಕೆ ಮುಖ-ಬೆನ್ನು ಇಲ್ಲ. ಯಾವ ದಿಕ್ಕಿನಿಂದ ನೋಡಿದರೂ ಅದು ಒಂದೇ. ಎಲೆ ಹಾಗಲ್ಲ. ಅದು ಚಪ್ಪಟೆಯಾದುದು, ಓರೆಯಾಗಿ ನಿಂತಿರುವುದು. ಬೆಳಗಿನ ಸೂರ್ಯನಿಗೆ ಅಗಲವಾಗಿ ಕಂಡ ಎಲೆ ಮಧ್ಯಾಹ್ನದ ಸೂರ್ಯನಿಗೆ ಗೆರೆಯಾಗಿ ಕಾಣಬಹುದು. ಆದುದರಿಂದ ಹಂದರದ ಎಲೆಗಳು ಯಾವ ದಿಕ್ಕಿಗೆ ಎಷ್ಟು ಮೈಯೊಡ್ಡಿವೆ ಎಂಬುದನ್ನು ಅಳೆದು, ಆ ಅಳತೆಯನ್ನು ಸಮೀಕರಣದ ಒಳಗೇ ಸೇರಿಸಬೇಕು. ಮೋನ್ಸಿ-ಸಾಯೆಕಿಯರು ಅಳೆದು ಕಂಡ ದರವು ಎಲ್ಲಿಂದ ಬರುತ್ತದೆಂಬುದು ಇದರಿಂದ ತಿಳಿದುಬಂದಿತು. ಸಹೋದ್ಯೋಗಿ ತೀತ್ ನಿಲ್ಸನ್ ಅವರು ಎಲೆಗಳ ನಡುವಣ ಸಂದುಗಳನ್ನು ಸಂಭವನೀಯತೆಯ ಗಣಿತದಿಂದ ಲೆಕ್ಕಹಾಕಿದರು. ರಾಸ್ ಅವರ ಗ್ರಂಥ 1975ರಲ್ಲಿ ರಷ್ಯನ್ ಭಾಷೆಯಲ್ಲಿಯೂ 1981ರಲ್ಲಿ ಇಂಗ್ಲಿಷಿನಲ್ಲಿಯೂ ಹೊರಬಂದಿತು. ಅಮೆರಿಕದ ಸ್ಯೂಟ್ಸ್ 1972ರಲ್ಲಿ, ಹಾಲೆಂಡಿನ ವೆರ್‌ಹೂಫ್ 1984ರಲ್ಲಿ ಶುಸ್ಟರ್ ಅವರ ಎರಡು ಪ್ರವಾಹಗಳ ಜಾಡಿನಲ್ಲಿ ಕಟ್ಟಿದ ಮಾದರಿಗಳೂ, ಫ್ರಾನ್ಸಿನ ಜಾಕೆಮೂ ಮತ್ತು ಬಾರೆ 1990ರಲ್ಲಿ ಒಂಟಿ ಎಲೆಗೆ ಕಟ್ಟಿದ ಮಾದರಿಯೂ ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿವೆ. ಅವುಗಳ ವಿವರಕ್ಕೆ ಇಲ್ಲಿ ಹೋಗಬೇಕಾಗಿಲ್ಲ.

ಇನ್ನು ನಮ್ಮ ನಾಡಿನ ಕಡೆಗೆ ಬರೋಣ. ಕಾಸರಗೋಡಿನಲ್ಲಿ 1916ರಲ್ಲಿ ಆರಂಭವಾದ ತೆಂಗಿನ ಸಂಶೋಧನ ಕೇಂದ್ರವೂ ವಿಟ್ಲದಲ್ಲಿ 1956ರಲ್ಲಿ ಆರಂಭವಾದ ಅಡಿಕೆಯ ಕೇಂದ್ರವೂ 1970ರಲ್ಲಿ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನ ಸಂಸ್ಥೆಯಲ್ಲಿ ಒಂದುಗೂಡಿದವು. ಆ ಸಂಸ್ಥೆಯ ನೆಲ್ಲಿಯಾಟ್, ಬಾವಪ್ಪ ಮತ್ತು ನಾಯರ್ ಅವರು 1974ರಲ್ಲಿ ತೆಂಗಿನ ತೋಟದ ಬಹುಅಂತಸ್ತಿನ ಬೆಳೆಯನ್ನು ಕುರಿತು ಪ್ರಕಟಿಸಿದ ಲೇಖನವು ತೋಟಿಗರ ಹಳೆಯ ತಿಳಿವಿಗೆ ಅಂಕಿಗಳ ಬೆಂಬಲ ಕೊಟ್ಟಿತು. ನೆಟ್ಟ ಮೊದಲ ಎಂಟು ವರ್ಷ ಹಂದರ ಇನ್ನೂ ಕಟ್ಟಿರುವುದಿಲ್ಲ. ಎಂಟರಿಂದ ಇಪ್ಪತ್ತೈದರವರೆಗೆ ಅದು ದಟ್ಟವಾಗಿದ್ದು, ಕೆಳಗೆ ದಾಟುವ ಬೆಳಕು ನೂರಕ್ಕೆ 20ರ ಆಸುಪಾಸು. ಆಮೇಲೆ ಮರ ಎತ್ತರವಾದಂತೆ ಓರೆಯ ಬೆಳಕು ಮತ್ತೆ ಒಳನುಗ್ಗುತ್ತದೆ. ಹಂದರಕ್ಕೆ ಪ್ರಾಯವೂ ಉಂಟು, ಮುಪ್ಪೂ ಉಂಟು. ಕೋಕೋ, ಮೆಣಸು, ಅನಾನಸುಗಳನ್ನು ಯಾವಾಗ ನೆಡಬೇಕೆಂಬುದು ಈ ವಯಸ್ಸನ್ನು ನೋಡಿ ಹೇಳುವ ಮಾತಾಯಿತು.

ಅದೇ ಕಾಲದಲ್ಲಿ ತೆಂಗನ್ನು ಮೇಲಿನಿಂದಲೂ ನೋಡಲಾಯಿತು. ಮುಂಬಯಿಯ ಕೊಲಾಬಾ ವೀಕ್ಷಣಾಲಯದ ನಿರ್ದೇಶಕರಾಗಿಯೂ 1962ರಲ್ಲಿ ಪುಣೆಯಲ್ಲಿ ಸ್ಥಾಪಿತವಾದ ಉಷ್ಣವಲಯ ಪವನಶಾಸ್ತ್ರ ಸಂಸ್ಥೆಯ ಮೊದಲ ನಿರ್ದೇಶಕರಾಗಿಯೂ ಇದ್ದ ಪಿ. ಆರ್. ಪಿಷಾರೋಟಿಯವರು 1970ರ ಸುಮಾರಿಗೆ ಕೇರಳದಲ್ಲಿ ಬೇರುಸೊರಗು ತಗುಲಿದ ತೆಂಗಿನ ತೋಟಗಳನ್ನು ಹೆಲಿಕಾಪ್ಟರಿನಿಂದ ಅವಕೆಂಪು ಚಿತ್ರಗಳಲ್ಲಿ ಸೆರೆಹಿಡಿದರು. ವುಡ್ ಅವರು ಅರವತ್ತು ವರ್ಷಗಳ ಹಿಂದೆ ಕಂಡ ಬಿಳುಪು ಇಲ್ಲಿ ವೈದ್ಯನ ಉಪಕರಣವಾಯಿತು. ಆರೋಗ್ಯದ ಎಲೆ ಅವಕೆಂಪನ್ನು ಹೆಚ್ಚಾಗಿ ಚದರಿಸುತ್ತದೆ, ಸೊರಗಿದ ಎಲೆ ಕಡಿಮೆ. ಭಾರತದ ದೂರಸಂವೇದನೆಯ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಈ ತೆಂಗಿನ ತೋಟದಿಂದಲೇ ಆರಂಭಿಸುತ್ತಾರೆ.

ಉಡುಪಿಯ ಬಳಿಯ ಅದಮಾರಿನಲ್ಲಿ 1932ರಲ್ಲಿ ಜನಿಸಿದ ಯು. ಆರ್. ರಾವ್ ಅವರು ಬಾಹ್ಯಾಕಾಶ ಸಂಸ್ಥೆಯ ಅಧ್ಯಕ್ಷರಾಗಿದ್ದಾಗ, 1988ರ ಮಾರ್ಚ್ 17ರಂದು, ಬೆಂಗಳೂರಿನಲ್ಲಿ ನಿರ್ಮಿತವಾದ ಐಆರ್‌ಎಸ್-1ಎ ಉಪಗ್ರಹವು ಸೋವಿಯತ್ ರಾಕೆಟ್ಟಿನ ಮೇಲೆ ಬೈಕನೂರಿನಿಂದ ಮೇಲೇರಿತು. ಅದರ ಯೋಜನೆಯ ಹೊಣೆ ಹೊತ್ತವರು ಕೆ. ಕಸ್ತೂರಿರಂಗನ್. ನೀಲ, ಹಸಿರು, ಕೆಂಪು, ಅವಕೆಂಪು ಎಂಬ ನಾಲ್ಕು ಪಟ್ಟಿಗಳಲ್ಲಿ ಅದು ನೆಲವನ್ನು ನೋಡಿತು. ಅದುವರೆಗೆ ಅಮೆರಿಕದ ಉಪಗ್ರಹಗಳ ಚಿತ್ರಗಳನ್ನು ಆಶ್ರಯಿಸಿದ್ದ ದೇಶಕ್ಕೆ ಸ್ವಂತದ ಕಣ್ಣು ಬಂದಿತು. ಅವಕೆಂಪು ಹೆಚ್ಚು, ಕೆಂಪು ಕಡಿಮೆ ಎಂದರೆ ಅಲ್ಲಿ ಎಲೆಯಿದೆ. ಎರಡೂ ಸಮೀಪವಾದರೆ ಬರಿಯ ಮಣ್ಣು. ಅವಕೆಂಪು ಇಲ್ಲವೇ ಇಲ್ಲವೆಂದರೆ ನೀರು. ನಕ್ಷೆ ಮಾಡುವವನ ಮೊದಲ ಪಾಠ ಇಷ್ಟೇ.

ಆ ಕಣ್ಣಿನ ಸೂಕ್ಷ್ಮತೆಯನ್ನು ನಮ್ಮ ಅಳತೆಗೆ ಇಳಿಸಿ ನೋಡಬೇಕು. ಐಆರ್‌ಎಸ್-1ಎಯ ಒಂದು ಕ್ಯಾಮರಾ ನೆಲವನ್ನು 72.5 ಮೀಟರಿನ ಚೌಕಗಳಾಗಿ ಕಂಡಿತು. ಎಂದರೆ ಒಂದೊಂದು ಚೌಕ 5,256 ಚದರ ಮೀಟರು, ಸುಮಾರು 52 ಗುಂಟೆ. ಇನ್ನೊಂದು ಕ್ಯಾಮರಾದ ಚೌಕ 36.25 ಮೀಟರಿನದು, ಸುಮಾರು 13 ಗುಂಟೆ. 1995ರ ಡಿಸೆಂಬರಿನಲ್ಲಿ ಹಾರಿದ ಐಆರ್‌ಎಸ್-1ಸಿಯ ಬಣ್ಣದ ಕ್ಯಾಮರಾದಲ್ಲಿ ಚೌಕವು 23.5 ಮೀಟರಿಗೆ, ಐದೂವರೆ ಗುಂಟೆಗೆ ಇಳಿಯಿತು. ಮಹಾರಾಷ್ಟ್ರದಲ್ಲಿಯೂ ಕರ್ನಾಟಕದಲ್ಲಿಯೂ 40 ಗುಂಟೆಗೆ ಒಂದು ಎಕರೆಯೆಂಬ ಲೆಕ್ಕ ಒಂದೇ ಆಗಿರುವುದು ಇಲ್ಲಿ ನಮ್ಮ ಅನುಕೂಲಕ್ಕೆ ಬಂದಿದೆ.

ಈ ಗುಂಟೆಗಳು ಥಾಣೆಯಲ್ಲಿ ಏಕೆ ಮುಖ್ಯವಾದುವೆಂಬುದಕ್ಕೆ ಕಾನೂನಿನ ಕಡೆ ತಿರುಗಬೇಕು. 1970ರಲ್ಲಿ ಸಿಡ್ಕೋ ಸಂಸ್ಥೆಯ ಸ್ಥಾಪನೆಯಾಗಿ, ಖಾಡಿಯ ಪೂರ್ವದಂಡೆಯಲ್ಲಿ ನವಿ ಮುಂಬಯಿ ಏಳತೊಡಗಿದ ಮೇಲೆ ಉಪ್ಪುನೀರಿನ ನೆಲಕ್ಕೆ ಬೆಲೆ ಬಂದಿತು. ಮುಂಬಯಿಯ ಪರಿಸರ ಸಂಘಟನೆಯೊಂದು ತಂದ ಮೊಕದ್ದಮೆಯಲ್ಲಿ ಉಚ್ಚ ನ್ಯಾಯಾಲಯವು 2005ರ ಅಕ್ಟೋಬರ್ 6ರಂದು, ಜುಲೈ 26ರ ಮಹಾಪ್ರಳಯ ಕಳೆದು ಮೂರು ತಿಂಗಳು ತುಂಬುವುದರೊಳಗೆ, ರಾಜ್ಯದಾದ್ಯಂತ ಕಾಂಡ್ಲಾ ಕಡಿಯುವುದನ್ನು ತಡೆಯಿತು. ಅದರ ಸುತ್ತ 50 ಮೀಟರಿನೊಳಗೆ ಕಟ್ಟಡವನ್ನು ನಿಷೇಧಿಸಿತು. ಉಪಗ್ರಹದ ಸಹಾಯದಿಂದ ನಕ್ಷೆ ಮಾಡಬೇಕೆಂದಿತು. ಅಂತಿಮ ತೀರ್ಪು 2018ರ ಸೆಪ್ಟೆಂಬರ್ 17ರಂದು ಬಂದಿತು. ಕಾಂಡ್ಲಾ ವನದ ನಾಶವು ಜೀವಿಸುವ ಹಕ್ಕಿಗೆ ತಂದ ಭಂಗವೆಂದು ಅದರಲ್ಲಿ ಹೇಳಿದೆ. ಆ ಪೀಠದ ಹಿರಿಯ ನ್ಯಾಯಮೂರ್ತಿ ಅಭಯ ಓಕ್ ಅವರು ಥಾಣೆಯ ಜಿಲ್ಲಾ ನ್ಯಾಯಾಲಯದಲ್ಲಿ ವಕೀಲಿ ಆರಂಭಿಸಿದವರು. 2019ರಲ್ಲಿ ಕರ್ನಾಟಕದ ಮುಖ್ಯ ನ್ಯಾಯಾಧೀಶರಾಗಿ ಬೆಂಗಳೂರಿಗೆ ಹೋದರು.

ಕರಾವಳಿ ನಿಯಂತ್ರಣದ 2011ರ ಅಧಿಸೂಚನೆಯಲ್ಲಿ ಒಂದು ಅಂಕಿಯಿದೆ. ಕಾಂಡ್ಲಾದ ವಿಸ್ತೀರ್ಣ 1,000 ಚದರ ಮೀಟರನ್ನು ಮೀರಿದರೆ ಅದರ ಅಂಚಿಗೆ 50 ಮೀಟರಿನ ರಕ್ಷಣಾಪಟ್ಟಿ. 2019ರ ಅಧಿಸೂಚನೆಯೂ ಈ ಅಂಕಿಯನ್ನು ಉಳಿಸಿಕೊಂಡಿತು. ಖಾಸಗಿ ಜಮೀನಿಗೆ ಅದರಲ್ಲಿ ದೊರೆತ ರಿಯಾಯಿತಿಯ ಚರ್ಚೆ ಬೇರೆ. ಸಾವಿರ ಚದರ ಮೀಟರೆಂದರೆ ಹತ್ತು ಗುಂಟೆಗೆ ತುಸು ಕಡಿಮೆ. ಅದನ್ನು ಚೌಕವೆಂದು ಭಾವಿಸಿ, ನಾಲ್ಕೂ ಕಡೆ ಒಣನೆಲವಿದೆಯೆಂದು ಹಿಡಿದು 50 ಮೀಟರಿನ ಪಟ್ಟಿಯನ್ನು ಎಳೆದರೆ ಪಟ್ಟಿಯೇ 14,000 ಚದರ ಮೀಟರನ್ನು ಮೀರುತ್ತದೆ, ಮೂರೂವರೆ ಎಕರೆ. ಹತ್ತು ಗುಂಟೆಯ ಗಿಡ ಮೂರೂವರೆ ಎಕರೆಯನ್ನು ಕಟ್ಟಿಹಾಕುತ್ತದೆ. ಅದೇ ಗಿಡ ಒಂಬತ್ತು ಗುಂಟೆಯೆಂದು ನಕ್ಷೆಯಲ್ಲಿ ಬಿದ್ದರೆ ಒಂದಡಿಯನ್ನೂ ಕಟ್ಟಿಹಾಕದು. ಜಮೀನಿನ ಮೇಲೆ ಸಾಲ ಕೊಡುವ ಕಸುಬಿನವರಿಗೆ ಈ ಒಂದು ಗುಂಟೆಯ ಅಂತರ ನಿದ್ದೆಗೆಡಿಸುವಂತಹುದು. ಐದೂವರೆ ಗುಂಟೆಯ ಚೌಕಗಳಲ್ಲಿ ನೋಡುವ ಕಣ್ಣು ಇದನ್ನು ಎರಡೇ ಚೌಕಗಳಿಂದ ನಿರ್ಣಯಿಸಬೇಕಾಗುತ್ತದೆ.

ಈಗ ಒಂದು ಮೀಟರಿಗಿಂತ ಸೂಕ್ಷ್ಮವಾದ ಚಿತ್ರಗಳೂ ದೊರೆಯುತ್ತವೆ. ಚೌಕ ಚಿಕ್ಕದಾದರೆ ತೊಡಕು ತೀರಿತೆಂದು ಹಲವರು ನಂಬಿದ್ದಾರೆ. ಹಾಗಲ್ಲ. ಖಾಡಿಯ ಅಂಚಿನಲ್ಲಿ ಹೊಸದಾಗಿ ಚಿಗುರಿದ ತಿವರದ ಗಿಡಗಳನ್ನು ನೋಡಿ. ಅವುಗಳ ಪರ್ಣಸೂಚಿ 1 ಎಂದೂ ಕುಗ್ಗಿಸುವ ದರ 0.5 ಎಂದೂ ಹಿಡಿದರೆ ಬಿದ್ದ ಬೆಳಕಿನಲ್ಲಿ ನೂರಕ್ಕೆ 61 ಪಾಲು ಎಲೆಯನ್ನು ತಪ್ಪಿಸಿ ಕೆಸರನ್ನು ಮುಟ್ಟುತ್ತದೆ. ಮೇಲಕ್ಕೆ ಬರುವ ಬೆಳಕಿನಲ್ಲಿ ಎಲೆಯ ದನಿಗಿಂತ ಕೆಸರಿನ ದನಿ ಜೋರಾಗಿರಬಹುದು. ಆ ಕೆಸರಾದರೂ ಒಂದೇ ರೀತಿಯಾಗಿರುತ್ತದೆಯೆ? ಇಳಿತದ ಹೊತ್ತಿನಲ್ಲಿ ಹಸಿಮಣ್ಣು, ಭರತದ ಹೊತ್ತಿನಲ್ಲಿ ನೀರು. ನೀರು ಅವಕೆಂಪನ್ನು ನುಂಗಿಬಿಡುತ್ತದೆ. ಒಂದೇ ಗಿಡ, ಒಂದೇ ದಿನ. ಬೆಳಗ್ಗೆ ಕಾಡು, ಮಧ್ಯಾಹ್ನ ಖಾಡಿ. ಉಪಗ್ರಹವು ತನ್ನ ನಿಯತವಾದ ಗಳಿಗೆಯಲ್ಲಿ ಹಾಯುತ್ತದೆ. ಸಮುದ್ರವು ಚಂದ್ರನ ಗಳಿಗೆಯಲ್ಲಿ ಏರಿಳಿಯುತ್ತದೆ. ಎರಡೂ ಹೊಂದಿಬಂದ ದಿನದ ಚಿತ್ರವನ್ನು ಆರಿಸುವುದು ನಕ್ಷೆಗಾರನ ವಿವೇಕಕ್ಕೆ ಬಿಟ್ಟುದು. ರಾಸ್ ಮತ್ತು ನಿಲ್ಸನ್ ಅವರ ಸಂದುಗಳ ಲೆಕ್ಕವು ಬರಿಯ ಪಾಂಡಿತ್ಯವಲ್ಲ ಎಂಬುದು ಐರೋಲಿಯ ಕೆಸರಿನಲ್ಲಿ ಗೊತ್ತಾಗುತ್ತದೆ.

ಖಾಡಿಯ ಒಳಭಾಗದ ದಟ್ಟವಾದ ವನಕ್ಕೆ ಈ ಸಂಶಯವಿಲ್ಲ. 2015ರಲ್ಲಿ ಘೋಷಿತವಾದ ಥಾಣೆ ಖಾಡಿಯ ರಾಜಹಂಸಧಾಮದಲ್ಲಿ 896 ಹೆಕ್ಟೇರು ಕಾಂಡ್ಲಾ, 794 ಹೆಕ್ಟೇರು ನೀರು ಎಂದು ಎಣಿಸಲಾಗಿದೆ. ನಡುಭಾಗದಲ್ಲಿ ಯಾರಿಗೂ ತಕರಾರಿಲ್ಲ. ತಕರಾರೆಲ್ಲ ವಿರಳವಾದ ಅಂಚಿನಲ್ಲಿ. ಅಂಚಿನಲ್ಲಿಯೇ ಈ ವಿದ್ಯೆ ದುರ್ಬಲ.

ವಿರಳದಲ್ಲಿ ಹೇಗೋ ಅತಿದಟ್ಟದಲ್ಲಿಯೂ ಹಾಗೆಯೇ. ಕುಗ್ಗಿಸುವ ದರ 0.5 ಆದಾಗ ಪರ್ಣಸೂಚಿ 5ರ ಹಂದರದ ಕೆಳಗೆ ನೂರಕ್ಕೆ 8 ಪಾಲು ಬೆಳಕು ಉಳಿಯುತ್ತದೆ. 7ರಲ್ಲಿ 3 ಪಾಲು. ಎಂದರೆ ಐದರ ಮೇಲೆ ಇನ್ನೆರಡು ಅಂತಸ್ತು ಎಲೆ ಸೇರಿದರೂ ಮೇಲಕ್ಕೆ ಹಿಂದಿರುಗುವ ಬೆಳಕಿನಲ್ಲಿ ಹೇಳಿಕೊಳ್ಳುವಂತಹ ಬದಲಾವಣೆಯಿಲ್ಲ. ಅಂಬಾರ್ಟ್ಸುಮಿಯನ್ ಅವರು ನಕ್ಷತ್ರಕ್ಕೆ ಹೇಳಿದ ಸೂತ್ರ ಇಲ್ಲಿ ಮರಕ್ಕೆ ತಗುಲುತ್ತದೆ. ಕೆಂಪು ಬೆಳಕು ಪರ್ಣಸೂಚಿ ಸುಮಾರು 3 ಆಗುವುದರೊಳಗೇ ತೃಪ್ತವಾಗುತ್ತದೆ. ಅವಕೆಂಪು ಸ್ವಲ್ಪ ತಡವಾಗಿ. ಆಮೇಲೆ ದಟ್ಟವಾದುದಕ್ಕೂ ಅತಿದಟ್ಟವಾದುದಕ್ಕೂ ಬೆಳಕು ಭೇದವೆಣಿಸದು. ಮಲೆನಾಡಿನ ನಿತ್ಯಹರಿದ್ವರ್ಣದ ಕಾಡಿಗೂ ನೆರಳಿನ ಮರಗಳ ಕೆಳಗೆ ಬೆಳೆದ ಕಾಫಿಗೂ, ಮೆಣಸು-ಬಾಳೆಗಳಿಂದ ತುಂಬಿದ ಅಡಿಕೆಯ ತೋಟಕ್ಕೂ ಇರುವ ವ್ಯತ್ಯಾಸವು ಆ ಹೊತ್ತಿಗೆ ಮಸುಕಾಗಿರುತ್ತದೆ. ಇದಕ್ಕೆ ಸರಕಾರಿ ವ್ಯಾಖ್ಯೆಯೂ ನೆರವಾಗಿದೆ. ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆಯ ವರದಿಗಳಲ್ಲಿ ಒಂದು ಹೆಕ್ಟೇರು ಅಥವಾ ಮೇಲ್ಪಟ್ಟ ನೆಲದಲ್ಲಿ ಹಂದರವು ನೂರಕ್ಕೆ 10ನ್ನು ಮೀರಿದರೆ ಅದು ಅರಣ್ಯದ ಹೊದಿಕೆ. ಮರ ಯಾವುದು, ಒಡೆಯ ಯಾರು ಎಂಬುದನ್ನು ಕೇಳುವಂತಿಲ್ಲ.

ಐಆರ್‌ಎಸ್-1ಎಯ ಹೊಣೆ ಹೊತ್ತಿದ್ದ ಕಸ್ತೂರಿರಂಗನ್ ಅವರ ಅಧ್ಯಕ್ಷತೆಯ ಸಮಿತಿಯು 2013ರಲ್ಲಿ ಪಶ್ಚಿಮಘಟ್ಟದ ವರದಿಯನ್ನು ಕೊಟ್ಟಾಗ ಬಳಸಿದುದು ಇದೇ ಭಾರತೀಯ ಉಪಗ್ರಹಗಳ ಚಿತ್ರಗಳನ್ನು. ಘಟ್ಟದ ನೂರಕ್ಕೆ 37 ಪಾಲು, ಸುಮಾರು 60,000 ಚದರ ಕಿಲೋಮೀಟರು ಸೂಕ್ಷ್ಮಪ್ರದೇಶವೆಂದು ಅದು ಗುರುತಿಸಿತು. ಕರ್ನಾಟಕದ ಪಾಲು 20,668 ಚದರ ಕಿಲೋಮೀಟರು. ತೋಟಗಳನ್ನೂ ಕಾಡೆಂದು ಎಣಿಸಿದ್ದಾರೆಂಬ ಕೂಗು ಮಲೆನಾಡಿನಲ್ಲಿ ಎದ್ದಿತು. ಕರ್ನಾಟಕದ ಮಂತ್ರಿಮಂಡಲವು 2024ರಲ್ಲಿಯೂ ವರದಿಯನ್ನು ನಿರಾಕರಿಸಿತು. ಇಲ್ಲಿ ನ್ಯಾಯವಾಗಿ ಹೇಳಬೇಕಾದುದೊಂದಿದೆ. ಸಮಿತಿಯು ತೋಟ, ಗದ್ದೆ, ವಸತಿಗಳನ್ನು ಸಾಂಸ್ಕೃತಿಕ ಭೂದೃಶ್ಯವೆಂದು ಬೇರ್ಪಡಿಸಲು ಯತ್ನಿಸಿತ್ತು. ಆದರೆ ಗ್ರಾಮವನ್ನು ಘಟಕವಾಗಿ ಇಟ್ಟುಕೊಂಡು, ಗ್ರಾಮದಲ್ಲಿ ನೂರಕ್ಕೆ 20 ಪಾಲು ಸೂಕ್ಷ್ಮಪ್ರದೇಶವಿದ್ದರೆ ಇಡೀ ಗ್ರಾಮವನ್ನು ಸೇರಿಸಿತು. ತೋಟಿಗರ ದೂರಿನಲ್ಲಿ ಒಂದು ಭಾಗ ಬೆಳಕಿನ ಕುರುಡಿನಿಂದ ಹುಟ್ಟಿದುದು, ದೊಡ್ಡ ಭಾಗ ಈ ಆಡಳಿತದ ಗೆರೆಯಿಂದ ಹುಟ್ಟಿದುದು. ಎರಡನ್ನೂ ಕಲಸಿ ಉಪಗ್ರಹವನ್ನು ಬೈಯುವುದು ಸರಿಯಲ್ಲ.

ಊರಿನಲ್ಲಿ ತೋಟ, ಇಲ್ಲಿ ಖಾಡಿಯ ನೋಟವುಳ್ಳ ಮನೆ—ಇಂತಹವರು ನಮ್ಮಲ್ಲಿ ವಿರಳರಲ್ಲ. ಇವರಲ್ಲಿ ಅನೇಕರು ಉಪಗ್ರಹದ ನಕ್ಷೆಯನ್ನು ಥಾಣೆಯಲ್ಲಿ ವಿಜ್ಞಾನವೆಂದು ಹೊಗಳಿ, ರಜೆಗೆ ಊರಿಗೆ ಹೋದಾಗ ಅನ್ಯಾಯವೆಂದು ತೆಗಳುವುದನ್ನು ಈ ಲೇಖಕನು ಕೇಳಿದ್ದಾನೆ. ಎರಡೂ ಕಡೆ ಇರುವುದು ಒಂದೇ ಸಮೀಕರಣ. ಒಂದು ಕಡೆ ಅದು ಎಲೆಯ ಅಭಾವದಲ್ಲಿ ತಡವರಿಸುತ್ತದೆ, ಇನ್ನೊಂದು ಕಡೆ ಎಲೆಯ ಅತಿಶಯದಲ್ಲಿ. ನಮ್ಮ ದುರದೃಷ್ಟವೆಂದರೆ ನಮ್ಮ ಎರಡು ಮನೆಗಳೂ ಅದರ ಎರಡು ದುರ್ಬಲ ತುದಿಗಳಲ್ಲಿಯೇ ಇವೆ.

ತಡವರಿಕೆಗೆ ಮದ್ದು ಇಲ್ಲದಿಲ್ಲ. 2025ರ ಜುಲೈ 30ರಂದು ಶ್ರೀಹರಿಕೋಟೆಯಿಂದ ಹಾರಿದ ನಿಸಾರ್ ಉಪಗ್ರಹವು ಸೂರ್ಯನ ಬೆಳಕನ್ನು ಕಾಯುವುದಿಲ್ಲ. ತಾನೇ ರೇಡಾರಿನ ಅಲೆಗಳನ್ನು ಕಳುಹಿಸುತ್ತದೆ. ಅಲೆ ಉದ್ದವಾದಷ್ಟೂ ಎಲೆಯನ್ನು ದಾಟಿ ಕೊಂಬೆ-ಕಾಂಡಗಳನ್ನು ಮುಟ್ಟುತ್ತದೆ. ಅಡಿಕೆಯ ಒಂಟಿ ಕಾಂಡಕ್ಕೂ ಕಾಡಿನ ಕವಲು ಮರಕ್ಕೂ ಇರುವ ಭೇದವನ್ನು ಅದು ಹೇಳಬಹುದೆಂಬ ನಿರೀಕ್ಷೆಯಿದೆ. ಆ ಅಲೆಗಳ ಚದರಿಕೆಯ ಗಣಿತ ಇನ್ನೊಂದು ಲೇಖನದ ವಿಷಯ. ಖಾಡಿಯ ಅಂಚಿನಲ್ಲಿ ಮಾತ್ರ ಇಂದಿಗೂ ಯಾರಾದರೊಬ್ಬರು ಇಳಿತದ ಹೊತ್ತು ನೋಡಿಕೊಂಡು, ಮೊಣಕಾಲುದ್ದ ಕೆಸರಿಗೆ ಇಳಿದು, ಮೀನುಕಣ್ಣಿನ ಮಸೂರವನ್ನು ಮೇಲ್ಮುಖವಾಗಿ ಹಿಡಿದು ಹಂದರದ ಸಂದುಗಳ ಚಿತ್ರ ತೆಗೆಯಬೇಕಾಗಿದೆ. ನಕ್ಷೆಯ ಮೂಲೆಯಲ್ಲಿ ಉಪಗ್ರಹದ ಹೆಸರನ್ನೂ ದಿನಾಂಕವನ್ನೂ ಅಚ್ಚು ಹಾಕುವವರು ಆ ಗಳಿಗೆಯಲ್ಲಿ ಖಾಡಿಯ ನೀರು ಎಷ್ಟು ಮೀಟರು ಏರಿತ್ತೆಂಬುದನ್ನೂ ಅದರ ಪಕ್ಕದಲ್ಲಿ ಬರೆದರೆ, ಕ್ರಯಪತ್ರದ ಜೊತೆ ಆ ನಕ್ಷೆಯನ್ನು ಪರಿಶೀಲಿಸುವವರಿಗೆ ಅದು ಒಂದು ಸಾಲಿನ ಕೆಲಸ.